ಮೇಜಿನ ಕೆಳಗಿನ ದನಿ

ಮೊನ್ನೆ ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಗೆ ಒಬ್ಬ ಹುಡುಗಿ ಬಂದಿದ್ದಳು. ಟಿವಿ ಧಾರಾವಾಹಿಯೊಂದಕ್ಕೆ ಸಹಾಯಕ ನಿರ್ದೇಶಕಿಯಾಗಿ ಹೊಸದಾಗಿ ಸೇರಿದ್ದಾಳೆ. ಮೊದಲ ದಿನವೇ ಅವಳನ್ನು ಪ್ರಾಂಪ್ಟಿಂಗ್‌ಗೆ ಕೂರಿಸಿದ್ದಾರೆ. ನಾನು ಆ ಕೆಲಸದಲ್ಲೇ ನಿವೃತ್ತನಾದವನೆಂದು ಯಾರೋ ಹೇಳಿ ಕಳಿಸಿದ್ದರು. "ಅಂಕಲ್, ಅದ್ರಲ್ಲಿ ಕಲಿಯೋದು ಏನಿದೆ? ಪೇಪರ್ ನೋಡ್ಕೊಂಡು ಓದೋದು ತಾನೆ?" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಕಾಫಿ ಕೊಟ್ಟು ಕಳಿಸಿದೆ, ಉತ್ತರ ಕೊಡಲಿಲ್ಲ. ಸಿಟ್ಟಿನಲ್ಲಿ ಹೇಳಿದ ಮಾತು ಯಾರ ತಲೆಗೂ ಹೋಗುವುದಿಲ್ಲ. ಈಗ ಬರೆಯುತ್ತಿರುವುದು ಅವಳಿಗೆ, ಅವಳಂಥವರಿಗೆ.

ಓದುವುದೇ ಕೆಲಸ, ನಿಜ. ಧಾರಾವಾಹಿಯಲ್ಲಿ ಮಾತು ಬಾಯಿಪಾಠ ಮಾಡಲು ಯಾರಿಗೂ ಪುರುಸೊತ್ತಿಲ್ಲ. ದೃಶ್ಯ ಬರೆದ ಹಾಳೆ ಸೆಟ್ಟಿಗೆ ಬರುವುದೇ ಲೈಟು ಕಟ್ಟಿದ ಮೇಲೆ. ನಾನು ಸೇರಿದಾಗ ಬರಹಗಾರರ ಮನೆಯಿಂದ ಒಬ್ಬ ಸ್ಕೂಟರಿನಲ್ಲಿ ಹಾಳೆ ತರುತ್ತಿದ್ದ, ಈಗ ಮೊಬೈಲಿಗೇ ಬಂದು ಬೀಳುತ್ತದೆ. ಅದನ್ನು ಹಿಡಿದುಕೊಂಡು ಪ್ರಾಂಪ್ಟರ್ ಎಲ್ಲಾದರೂ ಅಡಗಿ ಕೂರಬೇಕು. ಸೋಫಾ ಹಿಂದೆ, ಬಾಗಿಲ ಸಂದಿಯಲ್ಲಿ, ಮಂಚದ ಪಕ್ಕ. ನಾನು ಮೊದಲು ಒಂದು ಸಾಲು ಓದಬೇಕು, ಕಲಾವಿದರು ಅದನ್ನು ಕೇಳಿಸಿಕೊಂಡು ತಮ್ಮದೇ ಮಾತು ಎಂಬಂತೆ ಆಡಬೇಕು. ನನ್ನ ದನಿಯನ್ನು ಎಡಿಟಿಂಗ್‌ನಲ್ಲಿ ಕತ್ತರಿಸಿ ಎಸೆಯುತ್ತಾರೆ.

ಇದಕ್ಕೆ ಇರುವ ನಿಯಮ ಒಂದೇ. ಭಾವ ಬೆರೆಸಬಾರದು. ಅಳುವ ಮಾತಾಗಲಿ, ಬೈಯುವ ಮಾತಾಗಲಿ, ದಿನಸಿ ಅಂಗಡಿಯ ಬೆಲೆ ಓದಿದ ಹಾಗೆ ಸಪ್ಪೆಯಾಗಿ ಓದಬೇಕು. ನೀವು ರಾಗ ಎಳೆದರೆ ಎದುರಿನವರೂ ಅದೇ ರಾಗ ಎಳೆಯುತ್ತಾರೆ. ಆಗ ಅವರ ನಟನೆ ಹೋಗಿ ನಿಮ್ಮ ನಟನೆ ಅವರ ಬಾಯಲ್ಲಿ ಬರುತ್ತದೆ. ಕೇಳುವುದಕ್ಕೆ ಸುಲಭ. ಇಡೀ ದಿನ ಒಂದಿಷ್ಟೂ ಭಾವವಿಲ್ಲದೆ ಓದಿ ನೋಡಿ, ಆಮೇಲೆ ಬಂದು ನನ್ನ ಹತ್ತಿರ ಮಾತಾಡಿ.

ನಾನು ಹೆಚ್ಚು ದುಡಿದದ್ದು ಅಪರಾಧದ ಧಾರಾವಾಹಿಗಳಲ್ಲಿ. ಜೆ.ಪಿ. ನಗರದಲ್ಲಿ ಒಂದು ದೊಡ್ಡ ಮನೆಯನ್ನು ಶೂಟಿಂಗ್‌ಗೆಂದೇ ಬಾಡಿಗೆಗೆ ಹಿಡಿದಿದ್ದರು. ಮೇಲಿನ ಮಹಡಿಯಲ್ಲಿ ಕೋರ್ಟು, ಕೆಳಗೆ ಪೊಲೀಸ್ ಠಾಣೆ, ಹಿಂದಿನ ಸ್ಟೋರ್ ರೂಮೇ ಲಾಕಪ್ಪು. ಸಿನಿಮಾದಲ್ಲಿ ಅವಕಾಶ ಕಡಿಮೆಯಾದ ನಟರು ಒಬ್ಬೊಬ್ಬರಾಗಿ ಅಲ್ಲಿಗೆ ಬರುತ್ತಿದ್ದರು. ಅತ್ತೆ ಸೊಸೆ ಧಾರಾವಾಹಿಗೆ ಹೋದರೆ ಸೋಫಾದಲ್ಲಿ ಕೂತು ಪೇಪರ್ ಓದುವ ಮಾವನ ಪಾತ್ರ ಸಿಗುತ್ತದೆ. ನಮ್ಮಲ್ಲಿಗೆ ಬಂದರೆ ಖಾಕಿ ಬಟ್ಟೆ, ಕೈಯಲ್ಲಿ ಲಾಠಿ, ಇಲ್ಲವೇ ಕರಿ ಕೋಟು. ಯಾರಿಗೆ ತಾನೆ ಬೇಡ?

ಆದರೆ ಸಿನಿಮಾದವರಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ. ಅವರ ಕಾಲದಲ್ಲಿ ಒಂದು ಶಾಟ್‌ಗೆ ಎರಡು ಸಾಲು ಮಾತು. ಅದೂ ಬಾಯಿ ಆಡಿಸಿದರೆ ಸಾಕಿತ್ತು, ದನಿಯನ್ನು ಆಮೇಲೆ ಡಬ್ಬಿಂಗ್‌ನಲ್ಲಿ ಕೂಡಿಸುತ್ತಿದ್ದರು. ನಮ್ಮಲ್ಲಿ ಒಂದೇ ಉಸಿರಿಗೆ ಎರಡು ಪುಟ, ಅಲ್ಲೇ ರೆಕಾರ್ಡಿಂಗ್. ಒಮ್ಮೆ ಹೆಸರಾಂತ ಖಳನಟರೊಬ್ಬರು ವಕೀಲರಾಗಿ ಬಂದರು. ನಾನು ಕಟಕಟೆಯ ಹಿಂದೆ ಕೂತು ಓದುತ್ತಿದ್ದೆ. ನಡುವೆ ಹಾಳೆಗಳು ಅಂಟಿಕೊಂಡವು. ಮೆಲ್ಲಗೆ, "ಒಂದ್ ನಿಮಿಷ, ಮುಂದಿನ್ ಪೇಜ್ ಸಿಕ್ತಿಲ್ಲ" ಅಂದೆ. ಅವರು ನ್ಯಾಯಾಧೀಶರತ್ತ ಬೆರಳು ಚಾಚಿ, ಕಣ್ಣು ಕೆಂಪಗೆ ಮಾಡಿ, "ಒಂದು ನಿಮಿಷ. ಮುಂದಿನ ಪೇಜು ಸಿಗುತ್ತಿಲ್ಲ" ಎಂದು ಗುಡುಗಿದರು. ನ್ಯಾಯಾಧೀಶರ ಪಾತ್ರಧಾರಿಯೂ ಗಂಭೀರವಾಗಿ ತಲೆಯಾಡಿಸಿದರು. ಎಡಿಟರ್ ನಿದ್ದೆಗಣ್ಣಲ್ಲಿದ್ದನೋ ಏನೋ, ಅದು ಹಾಗೇ ಪ್ರಸಾರವಾಯಿತು. ಒಬ್ಬ ವೀಕ್ಷಕನೂ ಏನೂ ಕೇಳಲಿಲ್ಲ. ಕೇಸಿನ ಯಾವುದೋ ದಾಖಲೆ ಕಳೆದಿದೆ ಎಂದುಕೊಂಡಿರಬೇಕು.

ಇನ್ನು ಮೋಹನ್‌ಕುಮಾರ್ ಅವರ ವಿಷಯ. ಇದನ್ನು ಹೇಳಬೇಕೆಂದೇ ಇಷ್ಟು ಬರೆದದ್ದು.

ನಾನು ಪ್ರಾಂಪ್ಟರ್ ಆಗುವ ಮೊದಲು ಡಬ್ಬಿಂಗ್ ಕಲಾವಿದನಾಗಿದ್ದೆ. ನನ್ನದು ದೊಡ್ಡ ದನಿ. ನಮ್ಮಮ್ಮ "ಇವನು ಗುಟ್ಟು ಹೇಳಿದ್ರೂ ಬೀದಿಗೆಲ್ಲ ಕೇಳತ್ತೆ" ಅನ್ನುತ್ತಿದ್ದಳು. ಆಗ ಕನ್ನಡದಲ್ಲಿ ಒಂದು ವೈಜ್ಞಾನಿಕ ಕಲ್ಪನೆಯ ಸಿನಿಮಾ ತೆಗೆದರು. ಬೇರೆ ಗ್ರಹದಿಂದ ಬಂದವನೊಬ್ಬ ನಮ್ಮ ಊರನ್ನು ಕಾಪಾಡುವ ಕಥೆ. ಆ ಗ್ರಹದವನೇ ಮೋಹನ್‌ಕುಮಾರ್. ಎತ್ತರದ ಆಳು, ಬೆಳ್ಳಿ ಬಣ್ಣದ ಉಡುಪು, ತಲೆಗೆ ಗಾಜಿನ ಶಿರಸ್ತ್ರಾಣ. ಅವರ ದನಿ ಆ ಮೈಕಟ್ಟಿಗೆ ಒಪ್ಪುವುದಿಲ್ಲವೆಂದು ನನ್ನನ್ನು ಕರೆಸಿದರು. ಶಿರಸ್ತ್ರಾಣದ ಒಳಗಿಂದ ಮಾತಾಡಿದ ಹಾಗೆ ಕೇಳಬೇಕೆಂದು ನನ್ನ ಬಾಯಿಗೆ ತಾಮ್ರದ ಕೊಡ ಹಿಡಿಸಿದರು. ಕೊಡದೊಳಗೆ ಬಾಯಿಟ್ಟು ಪ್ರಪಂಚ ಉಳಿಸಿದ ಮನುಷ್ಯ ನಾನು.

ಸಿನಿಮಾ ಥಿಯೇಟರಿನಲ್ಲಿ ಅಷ್ಟಕ್ಕಷ್ಟೇ ಓಡಿತು. ಆಮೇಲೆ ಟಿವಿಯಲ್ಲಿ ಬಂದು ಬಂದು ಮಕ್ಕಳಿಗೆಲ್ಲ ಅದರ ಮಾತು ಬಾಯಿಗೆ ಬಂತು. ನನ್ನ ಹೆಸರು ಪರದೆಯ ಮೇಲೆ ಬರಲಿಲ್ಲ. ಆಗ ಅದು ವಾಡಿಕೆ, ನಾಯಕನ ದನಿ ಬೇರೆಯವರದು ಎಂದು ಯಾರಾದರೂ ಹಾಕುತ್ತಾರೆಯೇ? ಮೋಹನ್ ಅವರನ್ನು ನಾನು ಒಂದು ಸಲವೂ ಎದುರಿಗೆ ಕಂಡಿರಲಿಲ್ಲ. ಆದರೆ ಅವರ ತುಟಿ ಮಾತ್ರ ನನಗೆ ಚೆನ್ನಾಗಿ ಗೊತ್ತು. ಎಲ್ಲಿ ಉಸಿರು ತಗೋತಾರೆ, ಯಾವ ಅಕ್ಷರ ನುಂಗುತ್ತಾರೆ, ಸಿಟ್ಟು ಬಂದರೆ ಕೆಳದುಟಿ ಯಾವ ಕಡೆ ಹೊರಳುತ್ತದೆ, ಎಲ್ಲ.

ಅವರು ನಮ್ಮ ಧಾರಾವಾಹಿಗೆ ಇನ್ಸ್‌ಪೆಕ್ಟರ್ ಆಗಿ ಬರುತ್ತಾರೆಂದು ಗೊತ್ತಾದಾಗ ಇಡೀ ಯೂನಿಟ್ಟಿಗೆ ಸಂಭ್ರಮ. ನಿರ್ದೇಶಕ ಹರೀಶನಂತೂ ಚಿಕ್ಕಂದಿನಲ್ಲಿ ಹಾಸಿಗೆ ಹೊದಿಕೆಯನ್ನು ಬೆನ್ನಿಗೆ ಕಟ್ಟಿಕೊಂಡು ಆ ಪಾತ್ರ ಆಡಿದವನಂತೆ. ಹರೀಶ ಒಳ್ಳೆಯ ಕೆಲಸಗಾರ, ನಾಲಿಗೆ ಮಾತ್ರ ಚುರುಕು. ಅವತ್ತು ಅವನೇ ಹೋಗಿ ಕುರ್ಚಿ ಒರೆಸಿದ. ನಾನು ಇನ್ಸ್‌ಪೆಕ್ಟರ್ ಮೇಜಿನ ಕೆಳಗೆ ಮಂಡಿ ಮಡಚಿ ಕೂತೆ. ರೆಕಾರ್ಡಿಂಗಿಗೆ ಸದ್ದು ಬೀಳದಿರಲೆಂದು ಫ್ಯಾನ್ ನಿಲ್ಲಿಸಿದರು. ನಾನು ಮೊದಲ ಸಾಲು ಓದಿದೆ, ಮೋಹನ್ ಬಾಯಿ ತೆರೆದರು.

ದನಿ ಸಣ್ಣಗೆ, ಒಣಗಿದ ಹಾಗೆ ಬಂತು. ಚಿಂತಾಮಣಿ ಕಡೆಯ ಎಳೆತ ಬೇರೆ. ತಪ್ಪೇನೂ ಇರಲಿಲ್ಲ, ಆದರೆ ಎಲ್ಲರೂ ಕಾದಿದ್ದ ದನಿ ಅದಲ್ಲ. ಯಾರೋ ಕಿಸಕ್ಕೆಂದರು. ಹರೀಶ ಬಂದು, "ಸಾರ್, ಗಂಟಲು ಕೆಟ್ಟಿದ್ಯಾ?" ಎಂದು ಕೇಳಿದ. "ಹೂಂ, ಸ್ವಲ್ಪ ಥಂಡಿ" ಅಂದರು ಮೋಹನ್. ಆ ಥಂಡಿ ಒಂದು ತಿಂಗಳಾದರೂ ಹೋಗಲಿಲ್ಲ. ಪ್ರೊಡಕ್ಷನ್ನಿನವರು ದಿನಾ ಬಿಸಿನೀರು, ಶುಂಠಿ, ಕರಿಮೆಣಸಿನ ಕಷಾಯ ತಂದಿಡುತ್ತಿದ್ದರು. ಪಾಪ, ಅಷ್ಟನ್ನೂ ಕುಡಿಯುತ್ತಿದ್ದರು.

ಎಡವಟ್ಟಾದದ್ದು ನನ್ನಿಂದ. ಒಂದು ದಿನ ಆರೋಪಿಯನ್ನು ಗದರಿಸುವ ದೃಶ್ಯ. ಮೇಜಿನ ಕೆಳಗಿಂದ ಅವರ ತುಟಿ ಕಾಣುತ್ತಿತ್ತು. ಕೆಳದುಟಿ ಹೊರಳಿತು ನೋಡಿ, ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ. ಸಪ್ಪೆ ಓದು ಎಲ್ಲೋ ಹೋಗಿ ಆ ಹಳೆಯ ದೊಡ್ಡ ದನಿ ಎದ್ದುಬಿಟ್ಟಿತು. ಸೌಂಡ್ ರೆಕಾರ್ಡಿಸ್ಟ್ ಯೂಸುಫ್ ಹೆಡ್‌ಫೋನ್ ಕಿತ್ತು, "ಸತ್ಯಣ್ಣ, ಏನಾಯ್ತು ನಿಮ್ಗೆ?" ಅಂದ. ಮೋಹನ್ ಮಾತು ನಿಲ್ಲಿಸಿ, ಕುರ್ಚಿ ಹಿಂದೆ ಸರಿಸಿ, ಬಗ್ಗಿ ಮೇಜಿನ ಕೆಳಗೆ ನೋಡಿದರು.

"ನೀವೇನಾ?" ಅಂದರು.

"ನಾನೇ ಸಾರ್" ಅಂದೆ.

ಬ್ರೇಕಿನಲ್ಲಿ ನನ್ನನ್ನು ಕರೆದುಕೊಂಡು ಮೂಲೆಯ ಟೀ ಅಂಗಡಿಗೆ ಹೋದರು. ಇನ್ಸ್‌ಪೆಕ್ಟರ್ ವೇಷದಲ್ಲೇ ಇದ್ದರು, ಅಲ್ಲಿ ಸಿಗರೇಟು ಸೇದುತ್ತಿದ್ದ ಹುಡುಗರು ಜಾಗ ಖಾಲಿ ಮಾಡಿದರು. ಬೈಯುತ್ತಾರೆಂದುಕೊಂಡಿದ್ದೆ. ಟೀ ಗ್ಲಾಸು ನನ್ನ ಕೈಗೆ ಕೊಟ್ಟು, "ನಿಮ್ಮ ದನಿಯಿಂದ ನಾನು ಮದುವೆಮನೆಗಳಿಗೆ ಹೋಗೋದೇ ಬಿಟ್ಟೆ ನೋಡಿ" ಅಂದರು.

"ಯಾಕೆ ಸಾರ್?"

"ಹೋದ್ ಕಡೆಯೆಲ್ಲ ಆ ಡೈಲಾಗ್ ಹೇಳಿ ಅಂತಾರೆ. ನಾನು ಹೇಳಿದ್ರೆ ನಗ್ತಾರೆ. ನನ್ ಮಗಳು ಚಿಕ್ಕೋಳಿದ್ದಾಗ ಆ ಸಿನಿಮಾ ಬಂದ್ರೆ ಅಡುಗೆಮನೆಗೆ ಓಡ್ತಿದ್ಲು. ಅದು ಅಪ್ಪ ಅಲ್ಲ, ಅಪ್ಪನ ಮುಖ ಹಾಕ್ಕೊಂಡೋನು ಅಂತ." ಟೀ ಒಂದು ಗುಟುಕು ಕುಡಿದು, "ಈ ಸೀರಿಯಲ್ ಯಾಕೆ ಒಪ್ಕೊಂಡೆ ಗೊತ್ತಾ? ಇಲ್ಲಿ ಡಬ್ಬಿಂಗ್ ಇಲ್ಲ ಅಂದ್ರು, ಅದಕ್ಕೆ" ಅಂದರು.

ನನ್ನ ಕೆಲಸದಿಂದ ಒಬ್ಬರಿಗೆ ಹೀಗಾಗಿರಬಹುದು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ನನ್ನ ಹೆಸರು ಬರಲಿಲ್ಲ ಎಂಬ ಕೊರಗೊಂದೇ ನನಗಿದ್ದದ್ದು.

ಅದೇ ವಾರ ಚಾನೆಲ್‌ನವರಿಂದ ಮಾತು ಬಂತು. ಮುಖ ಚೆನ್ನಾಗಿದೆ, ದನಿ ಪೊಲೀಸಿನದಲ್ಲ, ಜನ ಕಾಮೆಂಟಿನಲ್ಲಿ ಆಡಿಕೊಳ್ಳುತ್ತಿದ್ದಾರೆ, ಏನಾದರೂ ಮಾಡಿ, ಇಲ್ಲದಿದ್ದರೆ ಇನ್ಸ್‌ಪೆಕ್ಟರನ್ನು ವರ್ಗ ಮಾಡಿಸಿ ಬೇರೆಯವರನ್ನು ತನ್ನಿ. ಧಾರಾವಾಹಿಯಲ್ಲಿ ವರ್ಗ ಅಂದರೆ ಕೆಲಸ ಹೋಯಿತು ಎಂದೇ ಅರ್ಥ. ಹರೀಶನಿಗೆ ಅಷ್ಟರಲ್ಲಿ ನನ್ನ ದನಿಯ ಸಂಗತಿ ತಿಳಿದಿತ್ತು. ನನ್ನನ್ನು ಲಾಕಪ್ಪಿನೊಳಗೆ ಕರೆದು ಕೂರಿಸಿಕೊಂಡ.

"ಸತ್ಯಣ್ಣ, ನೀವೇ ಡಬ್ ಮಾಡ್ಬಿಡಿ. ಅವ್ರು ಇರ್ತಾರೆ, ಚಾನೆಲ್ಲೂ ಖುಷಿಯಾಗತ್ತೆ. ಟೈಟಲ್‌ನಲ್ಲಿ ನಿಮ್ ಹೆಸ್ರು ಹಾಕಿಸ್ತೀನಿ."

ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಆಸೆಯಾಯಿತು. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ನಾಗರತ್ನ ಹೆಸರುಬೇಳೆ ಆರಿಸುವುದನ್ನು ಬಿಟ್ಟು ಎದ್ದು ಬಂದಳು. "ಒಪ್ಕೊಳ್ಳಿ. ಇಷ್ಟು ವರ್ಷ ಯಾರ್ಯಾರದೋ ಬಾಯಿಗೆ ದನಿ ಕೊಟ್ರಿ, ಒಂದ್ಸಲ ಆದ್ರೂ ಹೆಸ್ರು ಕಾಣ್ಲಿ. ನಮ್ ತಂಗಿ ಮನೆಯೋರು ನೀವು ಲೈಟ್ ಹಿಡಿತೀರಿ ಅಂದ್ಕೊಂಡಿದಾರೆ" ಅಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಒಪ್ಪದಿದ್ದರೆ ಮೋಹನ್ ಅವರ ಕೆಲಸ ಹೋಗುತ್ತದೆ, ಒಪ್ಪಿದರೆ ಅವರ ದನಿ ಹೋಗುತ್ತದೆ.

ಮರುದಿನ ಬೆಳಿಗ್ಗೆ ಅವರೇ ಫೋನ್ ಮಾಡಿದರು. ಜಯನಗರದ ಅವರ ಮನೆ ಹತ್ತಿರದ ಪಾರ್ಕಿಗೆ ಬನ್ನಿ ಅಂದರು. ಹೋದೆ. ಅವರಿಗೆ ವಿಷಯ ಗೊತ್ತಾಗಿತ್ತು. ಬೆಂಚಿನ ಮೇಲೆ ನನ್ನ ಪಕ್ಕ ಕೂತು, "ನಂಗೆ ನಿಮ್ ದನಿ ಹೇಳ್ಕೊಡಿ" ಅಂದರು.

ಅವರಿಗೆ ನನಗಿಂತ ವಯಸ್ಸಾಗಿತ್ತು. ನನಗೆ ನಾಚಿಕೆಯಾಯಿತು. ಆದರೂ ಹೊಟ್ಟೆಯಿಂದ ಉಸಿರು ಎತ್ತಿ, ಎದೆ ಅಗಲಿಸಿ, ಗಂಟಲು ಸಡಿಲ ಬಿಡಿ ಎಂದು ನನಗೆ ತಿಳಿದಷ್ಟು ಹೇಳಿದೆ. ಅವರು "ನಿಲ್ಲು, ಕಳ್ಳಾ" ಎಂದು ಜೋರಾಗಿ ಕೂಗಿದರು. ಪಕ್ಕದಲ್ಲಿ ನಗೆಕೂಟದವರು ಕೈ ಮೇಲೆತ್ತಿ ಹೊಹೊಹೊ ಎಂದು ನಗುತ್ತಿದ್ದರು. ಇವರ ಕೂಗು ಕೇಳಿ ಅವರೆಲ್ಲ ಒಂದು ಕ್ಷಣ ನಗು ನಿಲ್ಲಿಸಿದರು, ಆಮೇಲೆ ನಿಜವಾಗಿಯೇ ನಕ್ಕರು. ಮೋಹನ್ ಮತ್ತೆ ಕೂಗಿದರು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ಬಿಡಲಿಲ್ಲ. ಒಂದು ವಾರ ದಿನಾ ಹೋದೆವು. ಕೊನೆಗೆ ನಾನೇ, "ಬೇಡ ಸಾರ್, ಇರೋ ದನಿನೂ ಹೋಗತ್ತೆ" ಅಂದೆ. ಅವರು ಕರ್ಚೀಫಿನಿಂದ ಬಾಯಿ ಒರೆಸಿಕೊಂಡು, "ಹಂಗಾದ್ರೆ ನೀವೇ ಮಾಡಿ. ಬೇರೆ ಯಾರೋ ಮಾಡೋದಕ್ಕಿಂತ ನೀವ್ ಮಾಡಿದ್ರೆ ವಾಸಿ" ಎಂದು ಎದ್ದುಹೋದರು.

ಅವತ್ತೇ ಮಧ್ಯಾಹ್ನ ನಡೆದ ಒಂದು ಸಣ್ಣ ಸಂಗತಿ. ಶಾಟ್‌ಗೆ ಲೈಟು ಕಟ್ಟುತ್ತಿದ್ದರು. ಗೇಟಿಗೆ ಠಾಣೆಯ ಬೋರ್ಡು ಇತ್ತಲ್ಲ, ಅದನ್ನು ನೋಡಿ ಒಬ್ಬ ವಯಸ್ಸಾದ ಹೆಂಗಸು ಒಳಗೆ ಬಂದೇಬಿಟ್ಟರು. ಮೊಮ್ಮಗನ ಸೈಕಲ್ ಕಳುವಾಗಿತ್ತಂತೆ. ಮೋಹನ್ ಎದ್ದು ಕುರ್ಚಿ ಕೊಟ್ಟು, "ಅಮ್ಮಾ, ನಾವು ನಾಟಕದವ್ರು" ಅಂದರು. "ನಾಟಕ ಆದ್ರೇನಪ್ಪ, ನೀನು ಕೇಳಿಸ್ಕೊಂತಿದೀಯಲ್ಲ. ಅಲ್ಲೋದ್ರೆ ಗದರ್ತಾರೆ" ಎಂದು ಆಕೆ ಸೈಕಲ್ಲಿನ ಬಣ್ಣ, ಬೆಲ್ಲು, ಅದನ್ನು ಕೊಡಿಸಿದ ಮಗನ ಕಥೆ ಎಲ್ಲ ಹೇಳಿದರು. ಮೋಹನ್ ತಮ್ಮ ಸಣ್ಣ ದನಿಯಲ್ಲಿ ಒಂದೊಂದೇ ವಿವರ ಕೇಳಿದರು. ಆಮೇಲೆ ಯೂನಿಟ್ಟಿನ ಒಬ್ಬರನ್ನು ಜೊತೆ ಮಾಡಿ ನಿಜವಾದ ಠಾಣೆಗೆ ಕಳಿಸಿದರು. ನಾನು ಮೇಜಿನ ಪಕ್ಕದಲ್ಲೇ ನಿಂತಿದ್ದೆ. ನನ್ನ ದನಿ ಕೇಳಿದ್ದರೆ ಆಕೆ ಬಾಗಿಲಲ್ಲೇ ಹಿಂದೆ ತಿರುಗುತ್ತಿದ್ದರು ಅನ್ನಿಸಿತು.

ಹರೀಶನಿಗೆ ಆಗಲಿ ಅಂದೆ. ಡಬ್ಬಿಂಗ್ ಶುರುವಾಗಬೇಕಿದ್ದ ಕಂತಿನಲ್ಲಿ ಒಂದು ಕಷ್ಟದ ದೃಶ್ಯವಿತ್ತು. ಕಾಣೆಯಾದ ಹುಡುಗ ಶವವಾಗಿ ಸಿಕ್ಕಿದ್ದಾನೆ, ಇನ್ಸ್‌ಪೆಕ್ಟರ್ ಅವನ ತಾಯಿಗೆ ಅದನ್ನು ಹೇಳಬೇಕು. ತಾಯಿಯಾಗಿ ಬಂದವರು ಗಿರಿಜಮ್ಮ, ರಂಗಭೂಮಿಯಲ್ಲಿ ಪಳಗಿದ ಹಿರಿಯರು. ಅವರಿಗೆ ಪ್ರಾಂಪ್ಟಿಂಗ್ ಬೇಕಿರಲಿಲ್ಲ, ಒಂದು ಸಲ ಓದಿ ಹಾಳೆ ವಾಪಸ್ ಕೊಡುತ್ತಿದ್ದರು. ಹೇಗಿದ್ದರೂ ಡಬ್ ಆಗುತ್ತದೆಂದು ಹರೀಶ ಫ್ಯಾನ್ ಕೂಡ ನಿಲ್ಲಿಸಬೇಡಿ ಅಂದ. ಯೂಸುಫ್ ಒಪ್ಪಲಿಲ್ಲ, "ನನ್ ಕೆಲಸ ನಾನ್ ಮಾಡ್ತೀನಿ" ಎಂದು ಅವನೇ ಹೋಗಿ ಸ್ವಿಚ್ ಒತ್ತಿದ.

ನಾನು ಸಪ್ಪೆಯಾಗಿ ಓದಿದೆ. ಮೋಹನ್ ಹೇಳುತ್ತಾ ಹೋದರು. ಕೆರೆಯ ಹತ್ತಿರ ಸಿಕ್ಕ, ಗುರುತು ಹಿಡಿಯಲು ನೀವು ಬರಬೇಕು, ಇಷ್ಟೇ ಹಾಳೆಯಲ್ಲಿದ್ದದ್ದು. ಆಮೇಲೆ ತಾಯಿ ಕಿರುಚಿ ಬೀಳಬೇಕು. ಗಿರಿಜಮ್ಮ ಕಿರುಚಲಿಲ್ಲ. ಸೆರಗನ್ನು ಕೈಗೆ ಸುತ್ತಿಕೊಳ್ಳುತ್ತಾ, "ಏನಾದ್ರೂ ತಿಂದಿದ್ನಾ ಸಾರ್? ಬೆಳಿಗ್ಗೆ ಕೋಪ ಮಾಡ್ಕೊಂಡು ತಟ್ಟೆ ತಳ್ಳಿ ಹೋಗಿದ್ದ" ಅಂದರು.

ಈ ಮಾತು ಹಾಳೆಯಲ್ಲಿರಲಿಲ್ಲ. ಇನ್ಸ್‌ಪೆಕ್ಟರ್ ಮುಂದೇನು ಹೇಳಬೇಕೆಂಬುದೂ ಇರಲಿಲ್ಲ. ಮೋಹನ್ ಕಣ್ಣು ಕೆಳಗೆ, ನನ್ನ ಕಡೆ ಬಂತು. ನನ್ನ ಹತ್ತಿರ ಕೊಡಲು ಏನೂ ಇಲ್ಲ. ಹಾಳೆಯ ಖಾಲಿ ಬೆನ್ನು ಎತ್ತಿ ತೋರಿಸಿದೆ. ಅವರು ತಲೆಯಿಂದ ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ತಿಂದಿದ್ನಮ್ಮ" ಅಂದರು. "ಹೊಟ್ಟೆ ತುಂಬ ತಿಂದಿದ್ದ."

ಚಿಂತಾಮಣಿಯ ಅದೇ ಎಳೆತ, ಅದೇ ಒಣ ದನಿ. ಇನ್ಸ್‌ಪೆಕ್ಟರ್ ಸುಳ್ಳು ಹೇಳುತ್ತಿದ್ದಾನೆಂದು ಆ ತಾಯಿಗೂ ಗೊತ್ತು, ನೋಡುವವರಿಗೂ ಗೊತ್ತು. ಗಿರಿಜಮ್ಮ "ಹಂಗಾ" ಎಂದು ಅಲ್ಲೇ ನೆಲದ ಮೇಲೆ ಕೂತರು. ಹರೀಶ ಕಟ್ ಹೇಳುವುದನ್ನೇ ಮರೆತ. ಮೇಜಿನ ಕೆಳಗೆ ನಾನು ಅಳುತ್ತಿದ್ದೆ. ಸಾವಿರಾರು ಸಾವಿನ ದೃಶ್ಯ ಓದಿದವನು, ಒಂದಕ್ಕೂ ಅತ್ತಿರಲಿಲ್ಲ.

ಹರೀಶನಿಗೆ ಆ ದೃಶ್ಯ ಮೆಚ್ಚಿಗೆಯಾಯಿತು. ಆದರೆ ಚಾನೆಲ್ಲಿಗೆ ಡಬ್ ಮಾಡಿದ್ದನ್ನೇ ಕಳಿಸುತ್ತೇನೆಂದು ಮಾತು ಕೊಟ್ಟಾಗಿತ್ತು. "ನೀವು ಮಾಡಿ ಸತ್ಯಣ್ಣ, ನೀವು ಸರಿ ಅಂದಿದ್ದೇ ಹೋಗ್ಲಿ" ಎಂದು ತೀರ್ಮಾನವನ್ನು ನನ್ನ ತಲೆಗೆ ಕಟ್ಟಿದ. ಮೇಲಧಿಕಾರಿಗಳು ಹೀಗೇ, ಕಷ್ಟದ್ದನ್ನು ಪ್ರೀತಿಯಿಂದ ಕೆಳಗೆ ಇಳಿಸುತ್ತಾರೆ.

ಬಿಟಿಎಂ ಲೇಔಟಿನ ಒಂದು ಸಣ್ಣ ಸ್ಟುಡಿಯೋ. ಗಾಜಿನ ಆಚೆ ಯೂಸುಫ್, ಈಚೆ ಮೈಕಿನ ಮುಂದೆ ನಾನು. ಎಷ್ಟೋ ವರ್ಷದ ಮೇಲೆ ಆ ತುಟಿಗೆ ದನಿ ಕೊಡುತ್ತಿದ್ದೆ. ಕೂತ ಜಾಗದಲ್ಲೇ ಮೈ ನೆಟ್ಟಗಾಯಿತು. ಒಂದೊಂದು ಮಾತೂ ತುಟಿಗೆ ಸರಿಯಾಗಿ ಕೂತಿತು, ಒಂದನ್ನೂ ಎರಡನೇ ಸಲ ಮಾಡಬೇಕಾಗಲಿಲ್ಲ. ಕೊನೆಗೆ ಆ ದೃಶ್ಯ ಬಂತು. ಅವರು ಟೋಪಿ ತೆಗೆದರು. "ತಿಂದಿದ್ನಮ್ಮ. ಹೊಟ್ಟೆ ತುಂಬ ತಿಂದಿದ್ದ" ಅಂದೆ.

ಯೂಸುಫ್ ರೆಕಾರ್ಡಿಂಗನ್ನು ಹಿಂದಕ್ಕೆ ಓಡಿಸಿ ಅದನ್ನು ಕೇಳಿಸಿದ. ತುಂಬಿದ ದನಿ, ಘನವಾದ ದನಿ. ಯಾವ ತಾಯಿಯೂ ಎದುರು ಮಾತಾಡಲಾಗದಂಥ ದನಿ. ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ಹಾಕಿಸಿ ಕೇಳಿದೆ. ಆ ದನಿಯಲ್ಲಿ ಅದು ಕರುಣೆಯ ಸುಳ್ಳು ಅನ್ನಿಸಲೇ ಇಲ್ಲ, ಆ ಹುಡುಗ ನಿಜವಾಗಿಯೇ ಉಂಡು ಸತ್ತ ಹಾಗೆ ಕೇಳುತ್ತಿತ್ತು.

"ಅಳಿಸಿಬಿಡಪ್ಪ" ಅಂದೆ.

"ಈ ಒಂದು ಲೈನಾ?"

"ಎಲ್ಲಾ. ಮೊದಲಿಂದ ಅಳಿಸು. ಅವ್ರದ್ದನ್ನೇ ಕಳ್ಸು."

ಯೂಸುಫ್ ಗಾಜಿನ ಆಚೆಯಿಂದ ನನ್ನನ್ನೇ ನೋಡಿದ. "ಯಾಕ್ ಸತ್ಯಣ್ಣ? ಸಖತ್ತಾಗಿ ಬಂದಿದೆಯಲ್ಲ."

"ಬಂದಿದೆ. ನಂಗೂ ಗೊತ್ತು."

ಅವನು ಅಳಿಸುವ ಮುಂಚೆ ಒಂದು ಸಲ ಕೈ ತಡೆದು ನನ್ನ ಮುಖ ನೋಡಿದ, ನಾನು ತಲೆಯಾಡಿಸಿದೆ. ಹೊರಗೆ ಬಂದು ನಾಗರತ್ನಳಿಗೆ ಫೋನ್ ಮಾಡಿ ಹೇಳಿದೆ. ಆಕೆ ಊಟಕ್ಕೆ ಬರ್ತೀರಾ ಎಂದಷ್ಟೇ ಕೇಳಿದಳು. ಆ ಕಂತು ಮೋಹನ್ ಅವರ ದನಿಯಲ್ಲೇ ಹೋಯಿತು, ಆ ದೃಶ್ಯ ಜನರಿಗೆ ನಾಟಿತು, ಚಾನೆಲ್ಲಿನವರು ಮತ್ತೆ ವರ್ಗದ ಮಾತೆತ್ತಲಿಲ್ಲ. ಧಾರಾವಾಹಿ ಮುಗಿಯುವವರೆಗೂ ಇನ್ಸ್‌ಪೆಕ್ಟರ್ ಅವರೇ. ನನ್ನ ದೊಡ್ಡ ದನಿಯನ್ನು ಆಮೇಲೆ ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ದಿನಾ ಬೆಳಿಗ್ಗೆ ಮೋಹನ್ ಬಂದು, ಬಗ್ಗಿ, "ಸತ್ಯಣ್ಣ, ಶುರು ಮಾಡೋಣ್ವಾ?" ಎಂದು ಕೇಳುತ್ತಿದ್ದರು. ನಾನು ಓದುತ್ತಿದ್ದೆ. ಅವರು ಮಾತಾಡುತ್ತಿದ್ದರು.